ಮೂವತ್ತು ದಿನದಲ್ಲಿ ತಾಯ್ತನ ಸಾಬೀತು ಮಾಡಿ!

"ಮಗು ಮಾರಿದ ತಾಯಿ" ಅಂತ ಪೇಪರಿನಲ್ಲಿ ಓದಿದ ಕೂಡಲೇ ನಮ್ಮ ಬಾಯಿಗೆ ಬರೋದು ಒಂದೇ ಮಾತು - ಇವಳೂ ಒಬ್ಬ ತಾಯೀನಾ? ಅಲ್ಲಿಗೆ ವಿಚಾರಣೆ ಮುಗೀತು, ತೀರ್ಪೂ ಬಂತು!

2025ರ ಜುಲೈನಲ್ಲಿ ದಾಂಡೇಲಿಯಿಂದ ಬಂದ ಸುದ್ದಿ ನಿಮಗೂ ನೆನಪಿರಬಹುದು. ಹುಟ್ಟಿ ತಿಂಗಳೂ ತುಂಬದ ಕೂಸನ್ನು ಮೂರು ಲಕ್ಷಕ್ಕೆ ಬೆಳಗಾವಿಯವರಿಗೆ ಕೊಟ್ಟರು ಅನ್ನೋದು ದೂರು. ಸಾಲದವರ ಕಾಟ ಕಾರಣ ಅಂತ ವರದಿಯಾಯ್ತು. ಪೊಲೀಸರು ಮಗುವನ್ನು ವಾಪಸ್ ತಂದರು, ಅದು ಸರ್ಕಾರದ ಆಶ್ರಯಕ್ಕೆ ಹೋಯ್ತು. ಮಗು ಮಾರೋದು, ಕೊಳ್ಳೋದು ಎರಡೂ ಅಪರಾಧ. ಬಾಲನ್ಯಾಯ ಕಾಯ್ದೆಯಲ್ಲಿ 5 ವರ್ಷದವರೆಗೆ ಸಜೆ ಇದೆ. ಅದಕ್ಕೆ ನನ್ನ ತಕರಾರಿಲ್ಲ.

ಆದರೆ ಶಿಕ್ಷೆ ಬೇರೆ, ಮಗು ಮುಂದೆ ಯಾರ ಮಡಿಲಲ್ಲಿ ಬೆಳೀಬೇಕು ಅನ್ನೋದು ಬೇರೆ. ಎರಡನೆಯದನ್ನು ನೋಡೋದು ಮಕ್ಕಳ ಕಲ್ಯಾಣ ಸಮಿತಿ. ಮಗುವನ್ನು ಮನೆಗೆ ಕಳಿಸಬಹುದು, ಬೇರೆಡೆ ಇಡಬಹುದು. ಹೆತ್ತವರೇ ಒಪ್ಪಿಸಿದ ಅಥವಾ ತೊರೆದ ಮಗು ಅಂತಾದರೆ ದತ್ತು ಕೊಡಲು ಮುಕ್ತ ಅಂತ ಘೋಷಿಸಬಹುದು. ದತ್ತು ಆದೇಶ ಆಯ್ತೋ, ಹೆತ್ತವರ ಸಂಬಂಧ ಕಾನೂನಿನ ಲೆಕ್ಕದಲ್ಲಿ ಕಡಿದೇ ಹೋಯ್ತು.

ಅಪೀಲಿಗೆ ದಾರಿ ಇಲ್ಲವಾ? ಇದೆ. ಮಗುವನ್ನು ಒಪ್ಪಿಸಿದವರಿಗೆ ಮರುಯೋಚನೆಗೆ 2 ತಿಂಗಳು. ಸಮಿತಿಯ ಆದೇಶ ಒಪ್ಪಿಗೆಯಾಗದಿದ್ದರೆ 101ನೇ ಸೆಕ್ಷನ್ ಪ್ರಕಾರ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಹೋಗಬಹುದು. ತಡವಾದರೂ ತಕ್ಕ ಕಾರಣ ತೋರಿಸಿದರೆ ತಗೊಳ್ಳಲು ಅವಕಾಶವಿದೆ. ಈಗ ದತ್ತು ಆದೇಶ ಕೊಡೋದು ಜಿಲ್ಲಾಧಿಕಾರಿ. ಅದರ ಮೇಲಿನ ಅಪೀಲು ವಿಭಾಗೀಯ ಆಯುಕ್ತರಿಗೆ, ಅದಕ್ಕೂ 30 ದಿನ.

ಕಾಗದದಲ್ಲಿ ಎಲ್ಲ ಚೆನ್ನಾಗಿದೆ ಸ್ವಾಮಿ. ಆದರೆ ಜಿಲ್ಲಾಧಿಕಾರಿ ಇರೋದು ಕಾರವಾರದಲ್ಲಿ, ಆಯುಕ್ತರು ಬೆಳಗಾವಿಯಲ್ಲಿ. ಹಳಿಯಾಳ, ಮುಂಡಗೋಡಿನಿಂದ ಕಾರವಾರ ನೂರು ಕಿಲೋಮೀಟರಿಗೂ ಹೆಚ್ಚು, ನಡುವೆ ಘಟ್ಟ. ಜೋಯಿಡಾದ ಒಳಗಿನ ಹಳ್ಳಿಯವರು ಮೊದಲು ಬಸ್ಸು ಬರೋ ರಸ್ತೆಗೆ ನಡೆಯಬೇಕು. ಮನೆಮಾತು ಕೊಂಕಣಿಯೋ, ಮರಾಠಿಯೋ, ಉರ್ದುವೋ ಆದವಳ ಕೈಗೆ ಕಚೇರಿ ಭಾಷೆಯ ಆದೇಶ ಕೊಟ್ಟರೆ ಅವಳಿಗೆ ಅರ್ಥವಾಗೋದು ಕೆಳಗಿನ ಸೀಲು ಮಾತ್ರ. ಅಷ್ಟರಲ್ಲಿ ಮೂವತ್ತು ದಿನ ಎಲ್ಲಿ ಹೋಯ್ತು?

2011ರಲ್ಲಿ ನಾರ್ವೆಯಲ್ಲಿ ಬಂಗಾಳಿ ದಂಪತಿಯ ಇಬ್ಬರು ಮಕ್ಕಳನ್ನು ಅಲ್ಲಿನ ಸರ್ಕಾರ ಎತ್ತಿಕೊಂಡು ಹೋದಾಗ ದೆಹಲಿಯೇ ಮಾತಾಡಿತು, 2023ರಲ್ಲಿ ಸಿನಿಮಾನೂ ಬಂತು. ಓಸ್ಲೋ ಬಗ್ಗೆ ಇರೋ ಸಿಟ್ಟಿನಲ್ಲಿ ಕಾಲು ಭಾಗ ನಮ್ಮೂರಿನ ಬಡ ತಾಯಿಯ ಕಡೆಗೂ ಇರಲಿ.

ಎಲ್ಲ ಮಕ್ಕಳನ್ನೂ ಹೆತ್ತವರಿಗೇ ವಾಪಸ್ ಕೊಡಿ ಅಂತ ಹೇಳ್ತಿಲ್ಲ. ಮಗುವಿನ ಹಿತವೇ ಮೊದಲು. ಕೆಲವು ಮನೆಗಳಿಗೆ ಮಗು ಮರಳಬಾರದು, ನಿಜ. ಆದರೆ ಅದನ್ನು ತೀರ್ಮಾನಿಸುವ ಮುಂಚೆ ಎರಡೂ ಕಡೆ ಕೇಳಬೇಕಲ್ಲ? ಮಗುವನ್ನು ಸಂಸ್ಥೆಯಲ್ಲಿ ಇಡೋದು ಕೊನೆಯ ಉಪಾಯ ಅಂತ ಕಾಯ್ದೆಯೇ ಹೇಳುತ್ತೆ. ಮಿಷನ್ ವಾತ್ಸಲ್ಯದಲ್ಲಿ ಕಷ್ಟದಲ್ಲಿರುವ ಮಗುವಿಗೆ ಮನೆಯಲ್ಲೇ ಇದ್ದು ಬೆಳೆಯಲು ತಿಂಗಳಿಗೆ 4,000 ರೂಪಾಯಿ ನೆರವಿದೆ. ಸಾಲದ ಕಿರುಕುಳ ತಡೆಯಲು ನಮ್ಮ ರಾಜ್ಯ 2025ರಲ್ಲೇ ಸುಗ್ರೀವಾಜ್ಞೆ ತಂದಿತ್ತು. ಇವೆಲ್ಲ ಮಗು ಮನೆ ಬಿಡುವ ಮುಂಚೆ ತಲುಪಬೇಕಾದವು.

ನಾನು ಕೇಳೋದು ಇಷ್ಟೇ. ಆದೇಶವನ್ನು ಅವರ ಮಾತಿನಲ್ಲೇ ಓದಿ ಹೇಳಿ. ಅಪೀಲಿನ ಕೊನೇ ದಿನಾಂಕ ದೊಡ್ಡದಾಗಿ ಬರೆದುಕೊಡಿ. ಆವತ್ತೇ ಉಚಿತ ವಕೀಲರನ್ನು ಗೊತ್ತುಮಾಡಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. 15100ಕ್ಕೆ ಫೋನ್ ಮಾಡಿದರೆ ಸಾಕು. ಈ ನಂಬರನ್ನು ಅಂಗನವಾಡಿ ಗೋಡೆ ಮೇಲೆ ಬರೆಸೋಕೆ ಎಷ್ಟು ಖರ್ಚಾಗುತ್ತೆ, ನೀವೇ ಹೇಳಿ.