ಎಕೋ ಕೋಣೆಯ ಬಾಗಿಲಿಂದ ವಾಪಸ್ ಹೋಗುವ ಉಮ್ಮಂದಿರು

"ಒಳಗೆ ಎಕೋ ಮಾಡುವುದು ಗಂಡಸಾ?"

ನಮ್ಮ ಕೆಲಸದ ಜಾಗದಲ್ಲಿ ನಾವು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಪರದೆ ಸರಿಸಿ ಇಣುಕಿದ ಉಮ್ಮ, ಮೆಷಿನಿನ ಎದುರು ನಮ್ಮಲ್ಲೊಬ್ಬನನ್ನು ಕಂಡು ಹಾಗೆಯೇ ಹಿಂದೆ ಸರಿಯುತ್ತಾರೆ. ಹೊರಗೆ ಮಗಳ ಜೊತೆ ಪಿಸುಪಿಸು. "ಇವತ್ತು ಬೇಡ, ಇನ್ನೊಮ್ಮೆ ಬರುವ" ಎನ್ನುತ್ತಾರೆ. ಆ ಇನ್ನೊಮ್ಮೆ ಎಷ್ಟೋ ಸಲ ಬರುವುದೇ ಇಲ್ಲ.

ನಾವು ಕರಾವಳಿಯ ಆಸ್ಪತ್ರೆಗಳಲ್ಲಿ ಹೃದಯದ ಚಿತ್ರ ತೆಗೆಯುವವರು. ಇಸಿಜಿ, ಎಕೋ, ಟಿಎಂಟಿ, ಕ್ಯಾಥ್‌ಲ್ಯಾಬ್ ನಮ್ಮ ಲೋಕ. ಜನರಿಗೆ ನಾವು ಒಂದೋ ಡಾಕ್ಟರ್, ಇಲ್ಲದಿದ್ದರೆ "ಸ್ಕ್ಯಾನಿಂಗಿನ ಹುಡುಗ". ಎರಡೂ ಅಲ್ಲ. ಹೃದ್ರೋಗ ತಜ್ಞರ ಮೇಲ್ವಿಚಾರಣೆಯಲ್ಲಿ ಚಿತ್ರ ಹಿಡಿದು ಅಳತೆ ತೆಗೆದುಕೊಡುವುದು ನಮ್ಮ ಕೆಲಸ. ರೋಗ ಇಂಥದ್ದು ಎಂದು ಹೇಳುವುದು, ವರದಿಗೆ ಸಹಿ ಹಾಕುವುದು ಡಾಕ್ಟರ ಕೆಲಸ. ಹಾಗಾಗಿ ಜುಬೈಲಿನಿಂದ ಮಗ ವಾಟ್ಸಾಪ್ ಕರೆ ಮಾಡಿ "ಉಮ್ಮನ ಹಾರ್ಟ್ ಹೇಗುಂಟು, ನೀವಾದರೂ ಹೇಳಿ" ಎಂದರೂ ನಾವು ಹೇಳುವ ಹಾಗಿಲ್ಲ. ಪರದೆಯ ಮೇಲೆ ಕಂಡದ್ದು ಮುಖದಲ್ಲಿ ಕಾಣದ ಹಾಗೆ ನೋಡಿಕೊಳ್ಳಬೇಕು. ನಾವು ಮೊದಲು ಕಲಿಯುವ ಪಾಠ ಅದು.

ಹೆಸರು ಊರು ಬೇಡ, ಒಬ್ಬ ಉಮ್ಮನ ಕತೆ ಹೇಳುತ್ತೇವೆ. ನಲವತ್ತು ದಾಟಿದವರು. ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮಲಗಿದರೆ ಕೆಮ್ಮು. ಮನೆಯಲ್ಲಿ ಎಲ್ಲರೂ "ಗ್ಯಾಸ್" ಎಂದರು. ಡಾಕ್ಟರ್ ಎಕೋ ಬರೆದುಕೊಟ್ಟರು. ಬಂದರು, ಬಾಗಿಲಲ್ಲಿ ನಮ್ಮನ್ನು ಕಂಡರು, ವಾಪಸ್ ಹೋದರು. ಎಂಟು ತಿಂಗಳ ನಂತರ ಅವರನ್ನು ಸ್ಟ್ರೆಚರಿನಲ್ಲಿ ತಂದರು. ಬಲಗೈ ಏಳುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಆಗ ಎಕೋ ಮಾಡುವಾಗ ಗಂಡಸೋ ಹೆಂಗಸೋ ಎಂದು ಕೇಳುವವರು ಯಾರೂ ಇರಲಿಲ್ಲ. ಹೃದಯದ ಎಡಭಾಗದ ಕವಾಟ ಕಿರಿದಾಗಿತ್ತು. ಚಿಕ್ಕಂದಿನಲ್ಲಿ ಗಂಟಲು ನೋವು, ಗಂಟು ನೋವಿನ ಜೊತೆ ಬಂದು ಹೋದ ಜ್ವರ ಹೃದಯದಲ್ಲಿ ಬಿಟ್ಟುಹೋದ ಗುರುತು ಅದು. ಕವಾಟದ ಹಿಂದಿನ ಕೋಣೆ ಹಿಗ್ಗಿ, ಅಲ್ಲಿ ಹೆಪ್ಪುಗಟ್ಟಿದ ರಕ್ತದ ತುಣುಕು ಮಿದುಳಿಗೆ ಹೋಗಿತ್ತು.

ಮೊದಲ ದಿನವೇ ಎಕೋ ಆಗಿದ್ದರೆ ಕವಾಟದ ವಿಷಯ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು. ಇಂಥ ಕವಾಟವನ್ನು ಎಷ್ಟೋ ಜನರಲ್ಲಿ ಎದೆ ಸೀಳದೆ ಬಲೂನಿನಿಂದಲೇ ಅಗಲ ಮಾಡಲಿಕ್ಕೆ ಆಗುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಉಂಟು. ಅವರ ಬಲಗೈ ಉಳಿಯುತ್ತಿತ್ತೋ ಏನೋ. ಈ "ಏನೋ" ನಮ್ಮನ್ನು ಬಿಡುವುದಿಲ್ಲ.

ಆ ಉಮ್ಮನನ್ನು ಬೈಯಲಿಕ್ಕೆ ಇದನ್ನು ಬರೆದದ್ದಲ್ಲ. ಎಡಮಗ್ಗುಲಾಗಿ ಮಲಗಿ, ಎದೆಯ ಬಟ್ಟೆ ಸರಿಸಿ, ತಣ್ಣನೆಯ ಜೆಲ್ ಹಚ್ಚಿಸಿಕೊಂಡು, ಅಪರಿಚಿತ ಗಂಡಸಿನ ಪಕ್ಕ ಇಪ್ಪತ್ತು ಮೂವತ್ತು ನಿಮಿಷ ಇರಬೇಕು ಎಂದರೆ ಯಾವ ಹೆಂಗಸಿಗೂ ಮುಜುಗರವೇ. ಬುರ್ಖಾ ಹಾಕುವವರಿಗೆ ಮಾತ್ರ ಅಲ್ಲ, ಕೊಂಕಣಿ ಬಾಯಮ್ಮನಿಗೂ ತುಳು ಮಾತಾಡುವ ಅಕ್ಕನಿಗೂ ಹಾಗೆಯೇ. ಸಂಕೋಚ ತಪ್ಪಲ್ಲ. ಆದರೆ ಸಂಕೋಚಕ್ಕೆ ನಾವು ಕೊಟ್ಟ ಉತ್ತರ ತಪ್ಪು. ಪರೀಕ್ಷೆಯನ್ನೇ ಬಿಡುವುದು ಉತ್ತರ ಅಲ್ಲ. ಪರೀಕ್ಷೆ ಮಾಡುವ ಹೆಣ್ಣುಮಕ್ಕಳನ್ನು ತಯಾರು ಮಾಡುವುದು ಉತ್ತರ.

ಇಲ್ಲಿ ನಮ್ಮ ಸಮುದಾಯಕ್ಕೆ ಒಂದು ನೇರ ಪ್ರಶ್ನೆ. "ಹೆಂಗಸೇ ಬೇಕು" ಎಂದು ಜಾಸ್ತಿ ಕೇಳುವವರು ನಾವು. ಆದರೆ ಆ ಕೆಲಸಕ್ಕೆ ಮಗಳನ್ನು ಕಳಿಸುವವರು ನಮ್ಮಲ್ಲಿ ಎಷ್ಟು ಜನ? ನಾವು ಕೆಲಸ ಮಾಡಿದ ವಿಭಾಗಗಳಲ್ಲಿ ಬ್ಯಾರಿ ಹುಡುಗಿಯರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ನಮ್ಮ ಹೆಣ್ಣುಮಕ್ಕಳು ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆಯುತ್ತಾರೆ, ಆ ಬಗ್ಗೆ ಸಂಶಯವೇ ಇಲ್ಲ. ಆಮೇಲೆ ಎಂಬಿಬಿಎಸ್ ಸಿಗದಿದ್ದರೆ "ಬಿ.ಎಡ್. ಮಾಡಲಿ, ಇಲ್ಲದಿದ್ದರೆ ಮದುವೆ ಮಾಡುವ" ಎನ್ನುತ್ತೇವೆ. ಡಾಕ್ಟರಿಗೂ ರೋಗಿಗೂ ನಡುವೆ ಇಷ್ಟೊಂದು ಕೆಲಸಗಳು ಉಂಟು ಎಂಬುದೇ ನಮ್ಮ ಮನೆಗಳಿಗೆ ಗೊತ್ತಿಲ್ಲ.

ಗೊತ್ತಿರಲಿ ಎಂದು ಹೇಳುತ್ತೇವೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ಸೇರಬಹುದಾದ ಬಿ.ಎಸ್ಸಿ. ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಕೋರ್ಸ್ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಲ್ಲಿ ಉಂಟು. 3 ವರ್ಷ ಓದು, 1 ವರ್ಷ ಇಂಟರ್ನ್‌ಶಿಪ್. ನರ್ಸ್‌ಗಳಿಗೆ 1947ರಲ್ಲಿ, ಫಾರ್ಮಸಿಸ್ಟ್‌ಗಳಿಗೆ 1948ರಲ್ಲಿ ಕಾಯ್ದೆ ಬಂತು. ನಮ್ಮಂಥವರಿಗೆ ಒಂದು ಕಾಯ್ದೆ ಬರಲು 2021ರ ತನಕ ಕಾಯಬೇಕಾಯಿತು. ಆ ವರ್ಷ ಸಂಸತ್ತು ಮಂಜೂರು ಮಾಡಿದ ಸಹಾಯಕ ಆರೋಗ್ಯ ವೃತ್ತಿಪರರ ಆಯೋಗದ ಕಾಯ್ದೆಯ ಪಟ್ಟಿಯಲ್ಲಿ ಹೃದಯ ತಂತ್ರಜ್ಞರ ಹೆಸರೂ ಉಂಟು. ಆದ್ದರಿಂದ ಬೋರ್ಡು ನೋಡಿ ಆರು ತಿಂಗಳ "ಎಕೋ ಕೋರ್ಸ್"ಗೆ ದುಡ್ಡು ಕಟ್ಟಬೇಡಿ. ಗಲ್ಫಿಗೆ ಹೋಗುವ ಆಸೆ ಇದ್ದವರಂತೂ ಕಟ್ಟಲೇಬೇಡಿ. ಅಲ್ಲಿ ಲೈಸೆನ್ಸ್ ಸಿಗಬೇಕಾದರೆ ಡಾಟಾಫ್ಲೋ ಮೂಲಕ ಪದವಿ, ಅನುಭವ ಎಲ್ಲ ಮೂಲದಿಂದಲೇ ಪರಿಶೀಲನೆ ಆಗುತ್ತದೆ, ಮೇಲಿಂದ ಪರೀಕ್ಷೆ ಬೇರೆ. ಅರೆಬರೆ ಸರ್ಟಿಫಿಕೇಟ್ ಅಲ್ಲಿ ನಡೆಯುವುದಿಲ್ಲ.

ಮನೆಯವರ ದೊಡ್ಡ ಹೆದರಿಕೆ ರೇಡಿಯೇಷನ್. "ಮದುವೆ ಆಗಬೇಕಾದ ಹುಡುಗಿ ಮಾರಾಯ್ರೇ, ಅದೆಲ್ಲ ಬೇಡ" ಎನ್ನುತ್ತಾರೆ. ಎಕೋದಲ್ಲಿ ಎಕ್ಸ್‌ರೇ ಇಲ್ಲವೇ ಇಲ್ಲ. ಅದು ಬರೇ ಶಬ್ದದ ಅಲೆ, ನಮ್ಮ ಕಿವಿಗೆ ಕೇಳದಷ್ಟು ಸೂಕ್ಷ್ಮದ್ದು. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಡಾಕ್ಟರ್ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಮೊದಲ ಬಾರಿ ಹೃದಯದ ಎಕೋ ತೆಗೆದದ್ದು, ಹಡಗು ಕಟ್ಟುವ ಕಾರ್ಖಾನೆಯಿಂದ ಎರವಲು ತಂದ ಯಂತ್ರದಲ್ಲಿ. ಲೋಹದೊಳಗಿನ ಬಿರುಕು ಹುಡುಕುವ ಸಾಧನ ಅದು. ಕಡಲು, ಹಡಗು, ವ್ಯಾಪಾರ ಎಂದು ಬದುಕಿದ ನಮಗೆ ಈ ಕತೆ ತೀರಾ ದೂರದ್ದೇನಲ್ಲ.

ಕ್ಯಾಥ್‌ಲ್ಯಾಬಿನಲ್ಲಿ ಎಕ್ಸ್‌ರೇ ಉಂಟು, ನಿಜ. ಅದಕ್ಕೇ 5–6 ಕಿಲೋ ಭಾರದ ಸೀಸದ ಏಪ್ರನ್, ಕುತ್ತಿಗೆಗೆ ಕಾಲರ್. ಎದೆಗೆ ಸಿಕ್ಕಿಸುವ ಬ್ಯಾಡ್ಜ್ ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ನಿಯಮ ಪಾಲಿಸಿದರೆ ಇದು ಹೆದರಿ ಓಡುವ ಕೆಲಸ ಅಲ್ಲ. ಬ್ಯಾಡ್ಜನ್ನು ಡ್ರಾವರಿನಲ್ಲಿಟ್ಟು ಕೆಲಸ ಮಾಡುವವರು ನಮ್ಮಲ್ಲೂ ಇದ್ದಾರೆ. ಆ ತಪ್ಪು ನಮ್ಮದು, ಯಂತ್ರದ್ದಲ್ಲ.

ಕಷ್ಟ ಇಲ್ಲ ಎಂದು ನಾವು ಹೇಳುವುದಿಲ್ಲ. ಇಡೀ ದಿನ ಪ್ರೋಬ್ ಒತ್ತಿ ಹಿಡಿದು ಭುಜ, ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಏಪ್ರನ್ ಹೊತ್ತು ಸೊಂಟ ಸೋಲುತ್ತದೆ. ಹೃದಯಾಘಾತದ ರೋಗಿ ಆಸ್ಪತ್ರೆ ಬಾಗಿಲಿಗೆ ಬಂದ 90 ನಿಮಿಷದೊಳಗೆ ಮುಚ್ಚಿದ ರಕ್ತನಾಳ ತೆರೆಯಬೇಕು ಎಂಬುದು ಗುರಿ. ಹಾಗಾಗಿ ರಾತ್ರಿ 2 ಗಂಟೆಗೆ ಫೋನ್ ಬಂದರೂ ಎದ್ದು ಓಡಬೇಕು. ಸಂಬಳ ಶುರುವಿನಲ್ಲಿ ಕಡಿಮೆ, ಕೆಲವು ಕಡೆ ನಾಚಿಕೆ ಆಗುವಷ್ಟು ಕಡಿಮೆ. ಇದಕ್ಕೆ ಆಸ್ಪತ್ರೆಗಳು ಉತ್ತರ ಕೊಡಬೇಕು. ರಾತ್ರಿ ಕರೆಸಿದ ಹುಡುಗಿಗೆ ಮನೆಯಿಂದ ಮನೆಗೆ ವಾಹನ ಬೇಕು. ಮಹಿಳಾ ರೋಗಿಗಳಿಗೆ ವಾರದಲ್ಲಿ ಇಂತಿಷ್ಟು ದಿನ ಮಹಿಳಾ ತಂತ್ರಜ್ಞೆ ಇರುತ್ತಾರೆ ಎಂದು ಬೋರ್ಡ್ ಹಾಕಬೇಕು. ಗಂಡಸೇ ಎಕೋ ಮಾಡುವಾಗ ಒಳಗೆ ಒಬ್ಬ ನರ್ಸ್ ಅಥವಾ ಆಯಾ, ಹೊದೆಯಲು ಒಂದು ಶೀಟ್, ಸರಿಯಾಗಿ ಮುಚ್ಚುವ ಪರದೆ ಇರಬೇಕು. ಇದಕ್ಕೆಲ್ಲ ಕೋಟಿ ಬೇಕಾಗಿಲ್ಲ, ಮನಸ್ಸು ಸಾಕು.

ನಮ್ಮ ಜಮಾಅತ್‌ಗಳಿಗೂ ಸಂಘಟನೆಗಳಿಗೂ ಒಂದು ಮನವಿ. ಪ್ರತಿವರ್ಷ ವಿದ್ಯಾರ್ಥಿವೇತನ ಕೊಡುತ್ತೀರಿ, ಸನ್ಮಾನ ಮಾಡುತ್ತೀರಿ, ಸಂತೋಷ. ಆ ಪಟ್ಟಿಯಲ್ಲಿ ಡಾಕ್ಟರ್, ಇಂಜಿನಿಯರ್ ಜೊತೆ ಈ ಕೋರ್ಸ್‌ಗಳ ಹುಡುಗಿಯರಿಗೂ ಜಾಗ ಇರಲಿ. ವರ್ಷಕ್ಕೆ ಒಂದು ಊರಿನಿಂದ ಒಬ್ಬಳು ಹೊರಟರೂ ಹತ್ತು ವರ್ಷದಲ್ಲಿ ಎಕೋ ಕೋಣೆಯ ಚಿತ್ರವೇ ಬದಲಾಗುತ್ತದೆ. ಆಕೆಗೆ ಗಂಡು ನೋಡುವಾಗ "ನೈಟ್ ಡ್ಯೂಟಿ ಉಂಟಾ?" ಎಂದು ಮೂಗು ಮುರಿಯುವ ಮನೆಯವರು, ತಮ್ಮ ಉಮ್ಮನಿಗೆ ರಾತ್ರಿ ಎದೆ ನೋವು ಬಂದರೆ ಯಾರು ಇರಬೇಕು ಎಂದು ಒಮ್ಮೆ ಯೋಚಿಸಲಿ.

ಆ ಹುಡುಗಿಯರು ಬರುವ ತನಕ ಎಂತ ಮಾಡುವುದು? ಮೊದಲೇ ಫೋನ್ ಮಾಡಿ ಮಹಿಳಾ ತಂತ್ರಜ್ಞೆ ಯಾವಾಗ ಇರುತ್ತಾರೆ ಎಂದು ಕೇಳಿ. ಜೊತೆಗೆ ಮಗಳನ್ನೋ ಸೊಸೆಯನ್ನೋ ಒಳಗೆ ಕರೆದುಕೊಂಡು ಬನ್ನಿ, ನಾವು ಬೇಡ ಅನ್ನುವುದಿಲ್ಲ. ಹೆಂಗಸರಿಗೆ ಹೃದಯಾಘಾತ ಎದೆ ನೋವಾಗಿಯೇ ಬರಬೇಕೆಂದಿಲ್ಲ. ಏದುಸಿರು, ಬೆನ್ನು ಅಥವಾ ದವಡೆ ನೋವು, ವಾಕರಿಕೆ, ಸುಮ್ಮನೆ ಸುಸ್ತು, ಹೀಗೂ ಬರುತ್ತದೆ. ಎಲ್ಲವನ್ನೂ ಗ್ಯಾಸ್ ಎನ್ನಬೇಡಿ. ತುರ್ತು ಇದ್ದಾಗಂತೂ ಗಂಡು ಹೆಣ್ಣು ನೋಡಿ ನಿಲ್ಲಬೇಡಿ. ಜೀವ ಉಳಿಸುವ ಅಗತ್ಯ ಬಿದ್ದಾಗ ದೀನ್ ದಾರಿ ಮುಚ್ಚುವುದಿಲ್ಲ ಎಂದು ನಮ್ಮ ಉಸ್ತಾದರೇ ಹೇಳುತ್ತಾರೆ. ಜುಮಾ ದಿನ ಮಸೀದಿಯಲ್ಲಿ ಈ ಮಾತು ಇನ್ನೂ ಸ್ವಲ್ಪ ಜೋರಾಗಿ ಕೇಳಿಸಲಿ.

ಬಲಗೈ ಕಳೆದುಕೊಂಡ ಆ ಉಮ್ಮ ಈಗಲೂ ಚೆಕಪ್‌ಗೆ ಬರುತ್ತಾರೆ. ಈಗ ನಮ್ಮನ್ನು ಕಂಡರೆ ಹಿಂದೆ ಸರಿಯುವುದಿಲ್ಲ. ಹೋದ ಸಲ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಎಸೆಸೆಲ್ಸಿ ಓದುವ ಹುಡುಗಿ ಪರದೆಯ ಮೇಲೆ ಅಜ್ಜಿಯ ಹೃದಯ ಬಡಿಯುವುದನ್ನು ಕಣ್ಣು ಮಿಟುಕಿಸದೆ ನೋಡಿ ಕೇಳಿದಳು, "ಸರ್, ಇದನ್ನು ಕಲಿಯಲಿಕ್ಕೆ ಎಂತ ಓದಬೇಕು?"

ನಾವು ಹೇಳಿದೆವು. ಇನ್ನು ಹೇಳಬೇಕಾದದ್ದು ಅವಳ ಮನೆಯವರು.