ಹನಿಗೂಡಿದರೆ ಹಳ್ಳ

ಯುದ್ಧ ಶಾಂತಿಗಳು ರಾಜಧಾನಿಗಳಲ್ಲಿ ತೀರ್ಮಾನವಾಗತಕ್ಕ ವಿಷಯಗಳು, ಅಲ್ಲಿ ಜನಸಾಮಾನ್ಯರ ಮಾತು ನಡೆಯದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಸರಿಯಲ್ಲವೆಂಬುದನ್ನು ಜಪಾನಿನ ಗೃಹಿಣಿಯರು ತೋರಿಸಿಕೊಟ್ಟಿದ್ದಾರೆ.

1954ರ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಹೈಡ್ರೊಜನ್ ಬಾಂಬನ್ನು ಪರೀಕ್ಷಿಸಿತು. ಅದರ ವಿಕಿರಣಯುಕ್ತ ಬೂದಿಯು ಜಪಾನಿನ ಮೀನುಗಾರರ ಹಡಗೊಂದರ ಮೇಲೆ ಸುರಿಯಿತು. ಅದರಲ್ಲಿದ್ದ 23 ಮಂದಿಯೂ ಅಸ್ವಸ್ಥರಾದರು. ಸೆಪ್ಟೆಂಬರಿನಲ್ಲಿ ಒಬ್ಬರು ಅಸುನೀಗಿದರು. ವಿಷದ ಭಯದಿಂದ ಪೇಟೆಯಲ್ಲಿ ಮೀನನ್ನು ಕೇಳುವವರೇ ಇಲ್ಲವಾದರು.

ಟೋಕಿಯೋ ನಗರದ ಸುಗಿನಾಮಿ ಎಂಬ ಭಾಗದಲ್ಲಿ ಮೀನು ವ್ಯಾಪಾರಿಗಳು ತಮ್ಮ ಸಂಕಟವನ್ನು ತೋಡಿಕೊಂಡಾಗ ಅಲ್ಲಿನ ಗೃಹಿಣಿಯರು ಕೈಕಟ್ಟಿ ಕೂರಲಿಲ್ಲ. ಪಕ್ಷಭೇದವನ್ನು ಬದಿಗಿರಿಸಿ, ಬಾಂಬಿನ ನಿಷೇಧವನ್ನು ಕೋರುವ ಮನವಿಯನ್ನು ಹಿಡಿದು ಮನೆಮನೆಯ ಬಾಗಿಲನ್ನು ತಟ್ಟಿದರು. ಈ ಚಳವಳಿ ದೇಶವನ್ನೆಲ್ಲ ವ್ಯಾಪಿಸಿತು. 1955ರ ಆಗಸ್ಟಿನಲ್ಲಿ ಹಿರೋಷಿಮಾದಲ್ಲಿ ಬಾಂಬು ವಿರೋಧಿ ವಿಶ್ವಸಮ್ಮೇಳನವು ನೆರೆಯುವ ವೇಳೆಗೆ 3 ಕೋಟಿಗೂ ಮಿಕ್ಕಿದ ಸಹಿಗಳು ಕೂಡಿದ್ದವು.

‘ಸಹಿಯಿಂದ ಬಾಂಬು ನಿಂತೀತೇ?’ ಎನ್ನುವವರುಂಟು. ಅಣ್ವಸ್ತ್ರಗಳು ಇಂದಿಗೂ ಅಳಿದಿಲ್ಲವೆಂಬುದು ನಿಜ. ಆದರೆ 1963ರಲ್ಲಿ ಅಮೆರಿಕ, ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟಗಳು ನೆಲದಡಿಯ ಪರೀಕ್ಷೆಗಳ ಹೊರತು ಉಳಿದವನ್ನು ನಿಲ್ಲಿಸಲು ಒಪ್ಪಿದುದಕ್ಕೆ ಲೋಕದ ಹಲವೆಡೆ ಎದ್ದ ಇಂತಹ ಜನಾಭಿಪ್ರಾಯವೂ ಒಂದು ಕಾರಣ. ಆಳುವವರ ಕಿವಿಗೆ ಒಬ್ಬರ ದನಿ ಮುಟ್ಟದಿರಬಹುದು. ಕೋಟಿ ದನಿಗಳನ್ನು ಕೇಳಲಿಲ್ಲವೆನ್ನಲು ಅವರಿಗೆ ಸಾಧ್ಯವಿಲ್ಲ.

ನೆರೆಮನೆಯವರೊಡನೆ ಕೂಡಿ ನಡೆಯಲರಿಯದವರು ನೆರೆನಾಡಿನೊಡನೆ ಶಾಂತಿಯನ್ನು ಹೇಗೆ ತಂದಾರು? ಶಾಂತಿಯ ಹಾದಿ ನಮ್ಮ ಹೊಸ್ತಿಲಿನಿಂದಲೇ ಆರಂಭವಾಗುತ್ತದೆ.