ಯಂತ್ರಕ್ಕೆ ಕನ್ನಡ ಕಲಿಸುವ ಕೆಲಸ ಯಾರದು?

ನಮ್ಮವರ ಮಕ್ಕಳಲ್ಲಿ ಬಹುಮಂದಿ ಇಂದು ಕಾಚಿಗುಡ, ಸುಲ್ತಾನಬಜಾರುಗಳನ್ನು ಬಿಟ್ಟು ಗಚ್ಚಿಬೌಲಿಯ ಕಡೆಗೆ ಗಣಕಯಂತ್ರದ ಉದ್ಯೋಗವನ್ನರಸಿ ಹೋಗಿರುವರು. ಅವರಲ್ಲಿ ಕೆಲವರು, ಸಂಬಳದ ಕೆಲಸವು ಮುಗಿದ ತರುವಾಯ, ಮುಕ್ತ ತಂತ್ರಾಂಶವೆಂಬ ಸಾರ್ವಜನಿಕ ಕಾರ್ಯಕ್ಕೆ ರಾತ್ರಿಯ ಒಂದೆರಡು ತಾಸುಗಳನ್ನು ಕೊಡುತ್ತಿರುವ ಸಂಗತಿಯನ್ನು ಹಿರಿಯರು ಅಷ್ಟಾಗಿ ಅರಿಯರು. ಅಂಥ ಯುವಕನೊಬ್ಬನ ತಂದೆಯವರು ನಮ್ಮ ಕಾರ್ಯಾಲಯಕ್ಕೆ ದಯಮಾಡಿಸಿ, "ಈ ಬಿಟ್ಟಿ ಚಾಕರಿ ಏತಕ್ಕೆ, ನೀವಾದರೂ ಬುದ್ಧಿ ಹೇಳಿರಿ" ಎಂದರು. ಬುದ್ಧಿ ಹೇಳುವುದಕ್ಕೆ ಮುಂಚೆ ವಿಷಯವನ್ನು ನಾವೇ ತಿಳಿದುಕೊಳ್ಳಬೇಕಾಯಿತು.

ತಂತ್ರಾಂಶವೊಂದರ ಮೂಲಪಾಠವನ್ನು, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಉಪಯೋಗಿಸಬಹುದು ಎಂಬ ಅನುಮತಿಪತ್ರದೊಡನೆ ಪ್ರಕಟಿಸಿದರೆ ಅದು ಮುಕ್ತ ತಂತ್ರಾಂಶವೆನಿಸುವುದು. ಭಟ್ಟರು ತಮ್ಮ ಸಾಂಬಾರಪುಡಿಯ ಅಳತೆಯನ್ನು ಗೋಡೆಯ ಮೇಲೆ ಬರೆದಿಟ್ಟಂತೆ! (ಎಸ್.ಎಸ್.ಎಲ್.ಸಿ. ಮುಗಿಸಿ ಹೋಟೆಲಿನ ಗಲ್ಲೆಯಲ್ಲಿ ಕುಳಿತವರಾದ ನಮಗೆ ಉಪಮಾನಗಳು ಅಡುಗೆಮನೆಯಿಂದಲೇ ಒದಗುತ್ತವೆ, ವಾಚಕರು ಮನ್ನಿಸಬೇಕು.)

ಈ ಕಾರ್ಯಕ್ಕೂ ನಮ್ಮ ನಗರಕ್ಕೂ ಕನ್ನಡಕ್ಕೂ ಹಳೆಯ ನಂಟುಂಟು. ಕಾನ್ಪುರದ ಐ.ಐ.ಟಿ.ಯಲ್ಲಿ ವಿನೀತ ಚೈತನ್ಯ, ರಾಜೀವ ಸಂಗಲ್ ಮೊದಲಾದವರು "ಅಕ್ಷರ ಭಾರತಿ" ಎಂಬ ಸಾಮೂಹಿಕ ನಾಮದಿಂದ "ಅನುಸಾರಕ" ಎಂಬ ಭಾಷಾಂತರ ಸಾಧನವನ್ನು ಆರಂಭಿಸಿದರು. ಕನ್ನಡದ ಬರಹವನ್ನು ಹಿಂದಿ ಬಲ್ಲವನು ಓದಿ ಗ್ರಹಿಸುವಂತೆ ಮಾಡುವುದು ಅದರ ಮೊದಲಿನ ಪ್ರಯತ್ನಗಳಲ್ಲೊಂದಾಗಿತ್ತು. ಆ ಕಾರ್ಯವು ಮುಂದೆ ಹೈದರಾಬಾದಿಗೆ ಬಂದು, ಇಲ್ಲಿಯ ವಿಶ್ವವಿದ್ಯಾನಿಲಯದಲ್ಲಿಯೂ, 1998ರಲ್ಲಿ ಸ್ಥಾಪಿತವಾದ ಐ.ಐ.ಐ.ಟಿ.ಯಲ್ಲಿಯೂ ಮುಂದುವರಿದು, ಮುಕ್ತ ತಂತ್ರಾಂಶವಾಗಿ ಲೋಕಾರ್ಪಣವಾಯಿತು.

ಆದರೆ ಆ ಕಾಲದ ಯಂತ್ರಕ್ಕೂ ಈಗಿನದಕ್ಕೂ ಮುಖ್ಯವಾದ ಅಂತರವಿದೆ. ಅನುಸಾರಕಕ್ಕೆ ವಿದ್ವಾಂಸರು ಪಾಣಿನೀಯ ಮಾರ್ಗವನ್ನನುಸರಿಸಿ ವ್ಯಾಕರಣದ ಸೂತ್ರಗಳನ್ನು ಬರೆದುಕೊಟ್ಟರು. ಈಗಿನ ಯಂತ್ರವು ಸೂತ್ರಗಳನ್ನು ಬೇಡದು; ಲಕ್ಷಾಂತರ ವಾಕ್ಯಗಳನ್ನು, ಸಾವಿರಾರು ತಾಸುಗಳ ಮಾತನ್ನು ನುಂಗಿ, ತಾನೇ ರೂಢಿಯನ್ನು ಕಂಡುಕೊಳ್ಳುತ್ತದೆ. ಇದನ್ನೇ ಯಂತ್ರಕಲಿಕೆ ಎನ್ನುವರು. ಆದ್ದರಿಂದ ಹಿಂದೆ ಪಂಡಿತರಿಂದ ಮಾತ್ರ ಆಗುತ್ತಿದ್ದ ಸಹಾಯವು ಇಂದು ತಾಯ್ನುಡಿ ಬಲ್ಲ ಯಾವ ಗೃಹಿಣಿಯಿಂದಲಾದರೂ ಸಾಧ್ಯ. ಅಂತೆಯೇ, ಯಾರ ಮಾತು ಯಂತ್ರದ ಕಿವಿಗೆ ಬೀಳಲಿಲ್ಲವೋ ಅವರ ಕನ್ನಡವು ಅದರ ಪಾಲಿಗೆ ಇಲ್ಲವೇ ಇಲ್ಲ.

ಇದು ಬರಿಯ ತರ್ಕವಲ್ಲ. ನಮ್ಮ ಅಡುಗೆಯವರು ಬೀದರದ ಕಡೆಯವರು. ದೂರವಾಣಿಗೆ ಬಾಯಲ್ಲಿ ಹೇಳಿದ್ದನ್ನು ಅದು ಅಕ್ಷರದಲ್ಲಿ ಬರೆಯುವ ಸೌಕರ್ಯವನ್ನು ನಂಬಿ ಅವರು ಸಾಮಾನಿನ ಯಾದಿ ಹೇಳಿದರು. "ಉಳ್ಳಾಗಡ್ಡಿ" ಎಂದದ್ದು ಯಂತ್ರಕ್ಕೆ ಅರ್ಥವಾಗದೆ ಎರಡು ತುಂಡಾಗಿ, ಒಂದು ತುಂಡು ಗಡ್ಡವಾಗಿ ಬಂತು. "ಈರುಳ್ಳಿ" ಎಂದು ನಾವು ಹೇಳಿದೊಡನೆ ಸ್ವಚ್ಛವಾಗಿ ಬರೆಯಿತು. ಅಡುಗೆಯವರು ನಕ್ಕರು. ಆದರೆ ಎರಡನೆಯ ಸಲ ತಾವೂ "ಈರುಳ್ಳಿ" ಎಂದೇ ಹೇಳಿದರು. ಯಂತ್ರವು ಮನುಷ್ಯನಿಂದ ಕಲಿಯುವ ಬದಲು ಮನುಷ್ಯನೇ ಯಂತ್ರಕ್ಕೆ ಒಗ್ಗಿಕೊಂಡ ಆ ಕ್ಷಣವು ನಮಗೆ ನಗು ತರಲಿಲ್ಲ. ಬೀದರ, ಕಲಬುರಗಿ, ರಾಯಚೂರುಗಳ ಕನ್ನಡಕ್ಕೆ ದಖನಿಯ ಬೆಡಗನ್ನು ಕೂಡಿಸಿಕೊಂಡು ಈ ಊರಿನ ಓಣಿಗಳಲ್ಲಿ ತಲೆಮಾರುಗಳಿಂದ ಆಡುತ್ತ ಬಂದ ಮಾತು, 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರಿಗೆ ಸೇರಿದ ಮೇಲೂ ಇಲ್ಲಿ ಅಳಿಯಲಿಲ್ಲ.

ಯತ್ನಗಳು ನಡೆಯುತ್ತಿಲ್ಲವೆಂದಲ್ಲ. ಮದರಾಸು ಐ.ಐ.ಟಿ.ಯ ಎ.ಐ.ಫೋರ್‌ಭಾರತ್ ತಂಡವು 2023ರಲ್ಲಿ 22 ಅನುಸೂಚಿತ ಭಾಷೆಗಳ ಭಾಷಾಂತರ ಮಾದರಿಯನ್ನು ಮುಕ್ತವಾಗಿ ಹೊರತಂದಿತು. 2024ರಲ್ಲಿ ಅದೇ ತಂಡವು 145 ಜಿಲ್ಲೆಗಳ 16,237 ಜನರಿಂದ 7,348 ತಾಸುಗಳ ಮಾತನ್ನು ಸಂಗ್ರಹಿಸಿದ ವರದಿಯನ್ನಿತ್ತಿತು. ಸ್ತುತ್ಯವಾದ ಕಾರ್ಯ. ಆದರೆ ಜಿಲ್ಲೆಯನ್ನು ಹಿಡಿದು ಭಾಷೆಯನ್ನು ಅಳೆಯುವಾಗ ಹೊರನಾಡಿನ ಕನ್ನಡಿಗನು ಯಾವ ಲೆಕ್ಕದಲ್ಲಿ ಬರುವನು? ತಾನಾಗಿ ಮುಂದೆ ಬಂದರೆ ಉಂಟು, ಇಲ್ಲವಾದರೆ ಇಲ್ಲ.

ನೆರೆಯವರಾದ ತೆಲುಗರು ಮುಂದೆ ಬಂದರು. ಹೈದರಾಬಾದಿನ "ಸ್ವೇಚ್ಛಾ" ಎಂಬ ಮುಕ್ತ ತಂತ್ರಾಂಶ ಸಂಸ್ಥೆಯು 2023ರಲ್ಲಿ ಸಾವಿರಾರು ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೂಡಿಸಿ, ಹಳೆಯ ತೆಲುಗು ಕಥೆಗಳ ಪುಟಗಳನ್ನು ತಿದ್ದಿಸಿ, ಚಂದಮಾಮ ಕಥೆಗಳ ಹೆಸರಿನಲ್ಲಿ ಚಿಕ್ಕ ಭಾಷಾಮಾದರಿಯೊಂದಕ್ಕೆ ಸಾಮಗ್ರಿಯನ್ನು ಒದಗಿಸಿತು. ಆ ವಿದ್ಯಾರ್ಥಿಗಳೆಲ್ಲರೂ ತಂತ್ರಾಂಶ ಬರೆದವರಲ್ಲ. ಅಕ್ಷರಗಳ ತಪ್ಪು ತಿದ್ದಿದವರು! ನಮ್ಮ ಪತ್ರಿಕೆಯ ಕರಡು ತಿದ್ದುವವರು ಪ್ರತಿರಾತ್ರಿ ಮಾಡುವ ಕೆಲಸವೇ ಅದು.

ಇನ್ನು ತಂದೆಯವರ ಆಕ್ಷೇಪಣೆ. ಬಿಟ್ಟಿಯಾಗಿ ಕೊಟ್ಟುದನ್ನು ದೊಡ್ಡ ವ್ಯಾಪಾರಿಯು ಎತ್ತಿಕೊಂಡು ಹಣ ಮಾಡಲಾರನೇ? ಮಾಡುವನು. ಮೇಲೆ ಹೇಳಿದ ಭಾಷಾಂತರ ಮಾದರಿಯ ಎಂ.ಐ.ಟಿ. ಅನುಮತಿಪತ್ರವು ವ್ಯಾಪಾರಕ್ಕೂ ಅಡ್ಡಿ ಹೇಳದು. ಅನುಸಾರಕದ ಜಿ.ಪಿ.ಎಲ್. ಪತ್ರವು ಬೇರೆ ಬಗೆಯದು: ತಿದ್ದಿ ಹಂಚುವವನು ತನ್ನ ತಿದ್ದುಪಡಿಯನ್ನೂ ಬಹಿರಂಗಪಡಿಸಬೇಕು. ಎರಡರ ತಾರತಮ್ಯವನ್ನು ಅರಿಯದೆ ಕೈಹಾಕುವುದು ಅವಿವೇಕ. ಉದ್ಯೋಗದ ಕರಾರಿನಲ್ಲಿ, ಬಿಡುವಿನಲ್ಲಿ ಬರೆದುದೂ ಕಂಪನಿಯದೇ ಎಂಬ ಷರತ್ತು ಇರುವುದುಂಟು, ಅದನ್ನೂ ಓದಿಕೊಳ್ಳತಕ್ಕದ್ದು. ಧ್ವನಿಯನ್ನು ಕೊಡುವವರಂತೂ ನೆನಪಿಡಬೇಕು: ಲೋಕಕ್ಕೆ ಹಂಚಿಹೋದ ಕಂಠವನ್ನು ಹಿಂದಕ್ಕೆ ಕರೆಯಲಾಗದು.

ಇಷ್ಟಾಗಿಯೂ ಕೊಡಬೇಕೆಂಬುದೇ ನಮ್ಮ ಅಭಿಮತ. 1917ರಲ್ಲಿ ನಿಜಾಮ ಸರ್ಕಾರವು ಉರ್ದುವಿಗಾಗಿ ದಾರುಲ್ ತರ್ಜುಮಾ ಎಂಬ ಭಾಷಾಂತರ ಕಚೇರಿಯನ್ನು ತೆರೆದು ಪಂಡಿತರಿಗೆ ಸಂಬಳ ಕೊಟ್ಟಿತು. ಕನ್ನಡಕ್ಕೆ ಈ ಊರಿನಲ್ಲಿ ಆ ಭಾಗ್ಯವಿರಲಿಲ್ಲ. ನೃಪತುಂಗ ಶಾಲೆಯು ನಿಂತದ್ದು ಕನ್ನಡಿಗರ ಸ್ವಂತ ದುಡಿಮೆಯಿಂದ. ಅಂದಿನವರೂ ಬಿಟ್ಟಿ ಚಾಕರಿ ಮಾಡಿದವರೇ.

ಆದರೆ ಕೊಡುವುದು ಚೊಕ್ಕವಾಗಿರಲಿ. 2010ರ ಸುಮಾರಿಗೆ ಗೂಗಲ್ ಸಂಸ್ಥೆಯು ಹಣ ಕೊಟ್ಟು ಭಾಷಾಂತರ ಮಾಡಿಸಿದ ಲೇಖನಗಳು ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳ ವಿಕಿಪೀಡಿಯಕ್ಕೆ ಬಂದು ಬಿದ್ದಾಗ, ಆ ಕೃತಕ ಭಾಷೆಯ ಬಗೆಗೆ ಸ್ವಯಂಸೇವಕರಿಂದ ಆಕ್ಷೇಪಗಳೆದ್ದವು. ಅಂಥ ರಾಶಿಯನ್ನೇ ತಿಂದು ಬೆಳೆದ ಯಂತ್ರವು ಮತ್ತೆಂಥ ಕನ್ನಡವನ್ನು ಬಡಿಸೀತು? ನೂರು ವಾಕ್ಯಗಳನ್ನು ಅವಸರದಲ್ಲಿ ತುಂಬುವುದಕ್ಕಿಂತ, ಯಾವ ಮಾತು ಹೇಳಿದೆವು, ಏನು ಬರಬೇಕಿತ್ತು, ಏನು ಬಂತು ಎಂದು ಒಂದು ದೋಷವನ್ನು ಖಚಿತವಾಗಿ ಬರೆದು ಕಳುಹಿಸಿದರೆ ತಂತ್ರಾಂಶವನ್ನು ನೋಡಿಕೊಳ್ಳುವ ನಾಲ್ಕಾರು ಮಂದಿಗೆ ಅದೇ ಉಪಕಾರ.

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದವರು ಒಂದು ಭಾನುವಾರ ಮಧ್ಯಾಹ್ನ ಸಭಾಂಗಣವನ್ನು ಕೊಡಲು ಒಪ್ಪಿದರೆ, ಗಚ್ಚಿಬೌಲಿಯ ಹುಡುಗರು ತಮ್ಮ ಯಂತ್ರಗಳನ್ನು ತರಲಿ, ಹಿರಿಯರು ತಮ್ಮ ಮಾತನ್ನು ತರಲಿ. ಅನುಮತಿಪತ್ರವನ್ನು ಎಲ್ಲರಿಗೂ ಓದಿ ಹೇಳಿದ ಮೇಲೆಯೇ ಕೆಲಸ ತೊಡಗಬೇಕೆಂಬುದೊಂದೇ ನಮ್ಮ ಷರತ್ತು. ಉಪ್ಪಿಟ್ಟು, ಕಾಫಿ ನಮ್ಮದು. ಬೀದರದ ಅಡುಗೆಯವರೂ ಬರುವರು.